ನೀಲಿ ಬಟ್ಟೆಯ ಪುಸ್ತಕ

ಸಾರಮ್ಮನ ಮಗ ದಾನಿಯೇಲ ಬಂದಿದ್ದ. ಆ ವರ್ಷ ಕ್ರಿಸ್ಮಸ್ಸಿನ ಮುಂಚಿನ ವಾರದಲ್ಲಿ ಅವನು ನಮ್ಮ ತೋಟದ ಬೇಲಿಯವರೆಗೂ ಬಂದು, ಕಿವಿಗೊಟ್ಟು ನಿಂತು, ತಿರುಗಿ ಹೋದ. ಅವನು ಬರಲೇ ಇಲ್ಲವೆಂದು ಅವನ ತಾಯಿ ಸಾಯುವತನಕ ನಂಬಿದ್ದಳು. ಹಾಗೆ ನಂಬಿಸಿದವಳು ನಾನು. ಅವನು ತಿರುಗಿ ಹೋಗುವಂತೆ ಮಾಡಿದವಳೂ ನಾನೇ.

ಇದನ್ನು ಮೊದಲೇ ಬರೆದುಬಿಟ್ಟೆ. ಕಥೆಯಂತೆ ನಿಧಾನವಾಗಿ ಹೇಳುತ್ತಾ ಬಂದರೆ ನಡುವೆ ಎಲ್ಲಾದರೂ ನನಗೊಂದು ನೆಪ ಸಿಕ್ಕಿಬಿಡಬಹುದು — ನೆಪ ಹುಡುಕುವುದರಲ್ಲಿ ನಾನು ಚುರುಕು.

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ನೀವು ನಾಲ್ಕೈದು ಮಂದಿ ಹುಡುಗಿಯರು ನನ್ನ ಜಗಲಿಗೆ ಬಂದಿರಿ. ಎಸ್ತರ್ ಎಲ್ಲರಿಗಿಂತ ಮುಂದೆ. "ಈ ಸಲ ಕ್ರಿಸ್ಮಸ್‌ಗೆ ಯಾವ ಪುಸ್ತಕ ಓದೋದು ಟೀಚರಮ್ಮ? ನೀವೇ ಆರಿಸಿಕೊಡಿ. ಯುದ್ಧ ಅಂತ ಸೀಮೆಎಣ್ಣೆ ಬೇರೆ ಸಿಗ್ತಿಲ್ಲ, ಚಿಕ್ಕದಾಗಿದ್ರೆ ಸಾಕು" ಎಂದಳು. ಪ್ರತಿವರ್ಷ ಹೇಳುವುದನ್ನೇ ನಾನು ಈ ವರ್ಷವೂ ಹೇಳಿದೆ: ನಿಮಗೆ ಯಾವುದು ಇಷ್ಟವೋ ಅದನ್ನೇ ಓದಿ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಮೆಟ್ಟಿಲಿಳಿಯುತ್ತಾ ಎಸ್ತರ್ ಹೇಳಿದ್ದು ಕೇಳಿಸಿತು — "ನಮ್ ಟೀಚರಮ್ಮಂಗೆ ಹುಲಿ ಕಂಡ್ರೂ ಭಯ ಇಲ್ಲ ಕಣ್ರೇ, ಕ್ರಿಸ್ಮಸ್ ಪುಸ್ತಕ ಕಂಡ್ರೆ ಮಾತ್ರ ಓಡ್ತಾರೆ." ನೀವೆಲ್ಲ ನಕ್ಕಿರಿ. ನನ್ನ ಕಿವಿ ಇನ್ನೂ ಚೆನ್ನಾಗಿದೆ. ಎಸ್ತರ್, ನೀನು ಹೇಳಿದ್ದು ನಿಜ. ಯಾಕೆ ಓಡುತ್ತೇನೆಂದು ಈಗ ಹೇಳುತ್ತೇನೆ.

ನಾನು ಬೆಳೆದದ್ದು ಮಿಷನ್ನಿನ ಬೋರ್ಡಿಂಗಿನಲ್ಲಿ. ತಂದೆ ತಾಯಿಯ ಮುಖ ಕಂಡವಳಲ್ಲ. ಅಲ್ಲಿ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಗಂಜಿ. ಓದುವಾಗ ಕೈ ಕಟ್ಟಿ ಕೂರಬೇಕು. ಕೇಳುವಾಗ ತುಟಿ ಅಲುಗಬಾರದು. ಈ ಶಿಸ್ತು ನನಗೆ ಶಿಕ್ಷೆಯಾಗಿರಲಿಲ್ಲ. ಬೇರೆ ಮಕ್ಕಳಿಗೆ ತಾಯಿಯ ಮಡಿಲು ಇದ್ದ ಹಾಗೆ ನನಗೆ ಗಂಟೆ. ಇದನ್ನು ನೆಪವಾಗಿ ಬರೆಯುತ್ತಿಲ್ಲ; ನನ್ನ ಜೊತೆಯಲ್ಲೇ ಬೆಳೆದ ಮೇರಿಯೂ ರೂತಳೂ ನಾನು ಮಾಡಿದಂಥದ್ದನ್ನು ಮಾಡಲಿಲ್ಲ.

ಅಲ್ಲಿಂದ ನನ್ನನ್ನು ಕೊಡಗಿನ ಕುಟ್ಟದ ಹತ್ತಿರದ ಈ ಕಾಫಿ ತೋಟದ ಶಾಲೆಗೆ ಕಳಿಸಿದರು. ಮೊದಲನೆಯ ಮಹಾಯುದ್ಧಕ್ಕೂ ಮುಂಚಿನ ಮಾತು. ಆಗ ತೋಟದ ಯಜಮಾನರು ಈಗಿನ ದೊರೆಯಲ್ಲ, ಹಳೆಯ ದೊರೆ. ಆಳುಗಳ ಸಾಲುಮನೆಗಳ ಈ ಲೈನಿನಲ್ಲಿ ನಮ್ಮ ಕ್ರೈಸ್ತ ಕುಟುಂಬಗಳು ಆಗಲೂ ಇಷ್ಟೇ ಇದ್ದವು. ಮೈಸೂರು ಸೀಮೆಯಿಂದ ಬಂದವರು ಹೆಚ್ಚು, ತಮಿಳಿನವರು ಕೆಲವರು. ಉಪದೇಶಿಗಳು ತಿಂಗಳಿಗೊಮ್ಮೆ ವಿರಾಜಪೇಟೆಯಿಂದ ಬಂದು ಹೋಗುತ್ತಿದ್ದರು. ಉಳಿದ ದಿನ ಪ್ರಾರ್ಥನೆ ನಡೆಸುವುದು, ಓದಿ ಹೇಳುವುದು ನನ್ನ ಕೆಲಸ.

ಡಿಸೆಂಬರ್ ಎಂದರೆ ಕಾಫಿ ಹಣ್ಣು ಬಿಡಿಸುವ ಕಾಲ. ಹಬ್ಬದ ಪುಸ್ತಕವನ್ನು ಕಾಫಿ ಕಣದಲ್ಲೇ ಓದುವುದು ಲೈನಿನ ರೂಢಿ. ಹಣ್ಣು ಅಳೆದು ಮುಗಿದು, ಜನ ಕೈಕಾಲು ತೊಳೆದು, ಹೊತ್ತು ಮುಳುಗುವಾಗ ಕಣಕ್ಕೆ ಬಂದು ಕೂರುತ್ತಿದ್ದರು. ಹಗಲಿಡೀ ಬಿಸಿಲುಂಡ ನೆಲ ಆಗಲೂ ಬೆಚ್ಚಗಿರುತ್ತಿತ್ತು. ಒಂದು ಲಾಂದ್ರ. ಕಣದ ಅಂಚಿಗೆ ತಂತಿಬೇಲಿ, ಬೇಲಿಯಾಚೆ ತೊರೆ, ತೊರೆಯಾಚೆ ಕುಟ್ಟದ ರಸ್ತೆ.

ಪುಸ್ತಕ ಆರಿಸುವುದು ಟೀಚರಿನ ಹಕ್ಕಾಗಿರಲಿಲ್ಲ — ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನಕಾಲದ ಮೊದಲ ಭಾನುವಾರ ಶಾಲೆಯ ಪೆಟ್ಟಿಗೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಚಾಪೆಯ ಮೇಲೆ ಹರಡಬೇಕು. ಲೈನಿನ ಹಿರಿಯ ಹೆಂಗಸು ಬಂದು ಒಂದನ್ನು ಕೈಗೆತ್ತಿಕೊಳ್ಳಬೇಕು. ಆ ವರ್ಷ ಅದನ್ನೇ ಓದಬೇಕು. ನಾನು ಬಂದಾಗ ಆ ಹಿರಿಯಳು ಸಾರಮ್ಮ. ಅವಳಿಗೆ ಓದು ಬಾರದು. ಒಂದು ಪುಸ್ತಕಕ್ಕೆ ತನ್ನ ಹಳೆಯ ಸೀರೆಯ ನೀಲಿ ಬಟ್ಟೆ ಹೊದಿಸಿ ಹೊಲಿದಿದ್ದಳು. ಪ್ರತಿವರ್ಷ ಬಾಗಿ ಅದನ್ನೇ ಎತ್ತಿಕೊಳ್ಳುತ್ತಿದ್ದಳು. ಬೇರೆ ಪುಸ್ತಕಗಳ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ.

ಬೆತ್ಲೆಹೇಮಿನ ಹೊರಗೆ ಇದ್ದಳೆನ್ನುವ ಒಬ್ಬ ಮುದುಕಿಯ ಕಥೆ ಅದು. ಕುರುಬರೆಲ್ಲ ಕೂಸನ್ನು ನೋಡಲು ಊರಿಗೆ ಹೋಗಿದ್ದಾರೆ. ಒಬ್ಬ ಮಾತ್ರ ತಪ್ಪಿಸಿಕೊಂಡ ಕುರಿಯನ್ನು ಹುಡುಕುತ್ತಾ ಬೆಟ್ಟದಲ್ಲೇ ಉಳಿದಿದ್ದಾನೆ. ಅವನಿಗೆ ದಾರಿ ಕಾಣಲೆಂದು ಅವಳು ದೀಪ ಹಿಡಿದು ಕೂತಿದ್ದಾಳೆ. ಹೋಗುವವರು ಬರುವವರು ಕೇಳುತ್ತಾರೆ: "ಅಜ್ಜೀ, ಎಣ್ಣೆ ತೀರಿತೆ?" ಆಗ ಕಣದಲ್ಲಿ ಕೂತವರೆಲ್ಲ, ಮೊಲೆಯುಣ್ಣುವ ಕೂಸು ಬೆಚ್ಚಿ ಅಳುವ ಹಾಗೆ, ಒಟ್ಟಿಗೆ ಕೂಗಬೇಕು — "ಎಣ್ಣೆ ಇದೆ, ದೀಪ ಇದೆ!" ಪುಟಕ್ಕೊಂದು ಸಲವಾದರೂ ಈ ಕೂಗು. ತೊರೆಯಾಚೆ ಗಾಡಿ ಹೊಡೆಯುವವರೂ ಕೆಲವೊಮ್ಮೆ ಅಲ್ಲಿಂದಲೇ ಕೂಗುತ್ತಿದ್ದರು. ಗಂಡಸರು ಬೇಕೆಂದೇ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿ ನಗಿಸುತ್ತಿದ್ದರು.

ನನಗೆ ಅದು ಆಗುತ್ತಿರಲಿಲ್ಲ. ಓದುವಾಗ ಕೂಗುವುದೆಂದರೆ — ನನ್ನ ಬೋರ್ಡಿಂಗಿನಲ್ಲಿ...

ಇರಲಿ. ಅದೊಂದೇ ಕಾರಣವೆಂದರೆ ಸುಳ್ಳಾದೀತು. ದಾನಿಯೇಲ ಬಂದು ಹೋದ ಆ ವರ್ಷ ನನಗೊಂದು ಹೊಸ ಪುಸ್ತಕ ಬಂದಿತ್ತು. ಚೆನ್ನಾಗಿ ಓದುವವಳೆಂದು ನಾನು ಕಲಿತ ಶಾಲೆಯವರು ಕೊಟ್ಟ ಬಹುಮಾನ. ಬಣ್ಣದ ಚಿತ್ರಗಳು, ಗಟ್ಟಿ ರಟ್ಟು, ಹಿಮ ಬೀಳುವ ದೇಶದ ಕ್ರಿಸ್ಮಸ್ಸಿನ ಕಥೆ. ದೊರೆಸಾನಿ ಆ ಡಿಸೆಂಬರಿನಲ್ಲಿ ಒಂದು ಸಂಜೆ ಓದು ಕೇಳಲು ಬರುತ್ತಾರೆಂದು ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದ್ದರು. ಅವರ ಮುಂದೆ ಆ ಪುಸ್ತಕವನ್ನು ಹಿಡಿದು ನಿಂತು ಓದಬೇಕೆಂಬ ಆಸೆ. ಸಾರಮ್ಮನ ಕೈ ಮತ್ತೆ ನೀಲಿ ಬಟ್ಟೆಯ ಕಡೆಗೇ ಹೋಗುತ್ತದೆಂದು ನನಗೆ ಗೊತ್ತಿತ್ತು. ಆಗಮನದ ಭಾನುವಾರದ ಹಿಂದಿನ ದಿನ ಆ ಪುಸ್ತಕವನ್ನು ತೆಗೆದು ನನ್ನ ಟ್ರಂಕಿನಲ್ಲಿ, ಮಡಿಸಿದ ಸೀರೆಗಳ ಕೆಳಗೆ ಇಟ್ಟೆ.

ಮರುದಿನ ಸಾರಮ್ಮ ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಪುಸ್ತಕಗಳನ್ನು ಒಂದೊಂದಾಗಿ ಮುಟ್ಟಿದಳು, ಮಗುಚಿದಳು.

"ನೀಲಿ ಬಟ್ಟೇದು ಎಲ್ಲದೆ ಟೀಚ್ರಮ್ಮ?"

"ಅದಕ್ಕೆ ಗೆದ್ದಲು ಹಿಡಿದಿತ್ತು ಸಾರಮ್ಮ. ಬೇರೆ ಪುಸ್ತಕಕ್ಕೂ ಹತ್ತುತ್ತೆ ಅಂತ ಸುಟ್ಟುಬಿಟ್ಟೆ."

ಸುಳ್ಳು ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅವಳು ಚಾಪೆಯ ಬರಿದಾದ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದಳು. "ಹಂಗಾರೆ ನೀವೇ ಯಾವ್ದಾರ ಓದಿ ತಾಯಿ" ಎಂದು ಎದ್ದು ಹೋದಳು. ಅವಳ ಮುಖ ಬಿಳಿಚಿಕೊಂಡಿದ್ದನ್ನು ನೋಡಿದೆ. ಮುದುಕಿಗೆ ಹಳೆಯ ಪುಸ್ತಕದ ಮೇಲೆ ವ್ಯಾಮೋಹ ಎಂದುಕೊಂಡೆ. ಆಗ ನನಗೆ ನಿಜ ಗೊತ್ತಿರಲಿಲ್ಲ. ಇಷ್ಟು ಮಾತ್ರಕ್ಕೆ ಯಾರಾದರೂ ನನ್ನನ್ನು ಕ್ಷಮಿಸಬಹುದಿತ್ತು.

ಹೊಸ ಪುಸ್ತಕ ಓದಲು ಶುರುಮಾಡಿದೆ. ಜನ ಕೈಕಟ್ಟಿ ಕೂತು ಕೇಳಿದರು. ಕೇಳಿದರೋ, ತೂಕಡಿಸಿದರೋ. ಹಿಮ ಎಂದರೇನೆಂದು ಯಾರಿಗೂ ತಿಳಿಯದು.

"ಕಾಫಿ ಹೂವು ಬುಟ್ಟಂಗಾ ಟೀಚ್ರಮ್ಮ?" ಎಂದು ಒಬ್ಬ ಕೇಳಿದ.

"ಹೌದು. ಹಾಗೇ ಬೆಳ್ಳಗಿರುತ್ತೆ."

"ಗಮ ಅಂತದಾ?"

"ಇಲ್ಲ. ತಣ್ಣಗಿರುತ್ತೆ, ಅಷ್ಟೆ."

"ವಾಸ್ನೆ ಇಲ್ದಿರೋ ಹೂವ ಕಟ್ಕಂಡು ದೊರೆಗ್ಳು ಏನ್ ಮಾಡ್ತಾರೆ ಅಂತೀನಿ!" ಎಂದು ಹಿಂದಿನಿಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನು ಪುಸ್ತಕ ಮುಚ್ಚಿ, ಸದ್ದಡಗುವವರೆಗೂ ಕಾದು, ಮುಂದೆ ಓದಿದೆ. ಅದಾದ ಮೇಲೆ ಯಾರೂ ಏನನ್ನೂ ಕೇಳಲಿಲ್ಲ.

ಈಗ ದಾನಿಯೇಲನ ವಿಷಯ. ಲೈನಿನಲ್ಲಿ ಅವನನ್ನು ದಾನಿ ಎನ್ನುತ್ತಿದ್ದರು. ಸಾರಮ್ಮನಿಗೆ ಉಳಿದಿದ್ದ ಒಬ್ಬನೇ ಮಗ, ಇನ್ನೂ ಮದುವೆಯಾಗದ ಪ್ರಾಯ. ಆ ವರ್ಷ ಹಣ್ಣು ಬಿಡಿಸಲು ಶುರುವಾದ ಹೊಸದರಲ್ಲೇ ಮೇಸ್ತ್ರಿ ಸಾರಮ್ಮನನ್ನು ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದ. ದಾನಿ ಹಿಂದುಮುಂದು ನೋಡದೆ ಮೇಸ್ತ್ರಿಯನ್ನು ಹೊಡೆದು ಕೆಡವಿ, ಹಾಗೆಯೇ ತೋಟ ಬಿಟ್ಟು ಓಡಿಹೋದ. ಆಗಿನ ಕಾನೂನು ನಿಮಗೆ ತಿಳಿಯದು. ಕರಾರು ಮಾಡಿಕೊಂಡ ಆಳು ಅವಧಿ ಮುಗಿಯುವ ಮುಂಚೆ ತೋಟ ಬಿಟ್ಟರೆ ಅದೇ ಅಪರಾಧ. ಹಿಡಿದು ಜೈಲಿಗೆ ಹಾಕುತ್ತಿದ್ದರು. ಇವನು ಹೊಡೆದೂ ಇದ್ದ. ಗಡಿ ದಾಟಿ ವಯನಾಡಿನಲ್ಲಿ ಎಲ್ಲೋ ಮರ ಕಡಿಯುವ ಕೆಲಸಕ್ಕೆ ಸೇರಿದ್ದಾನೆಂದು ಸುದ್ದಿ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ಸಾರಮ್ಮನೊಬ್ಬಳಿಗೇ ಗೊತ್ತು.

ದೊರೆಸಾನಿ ಬರುವ ದಿನ ಮಧ್ಯಾಹ್ನ ಅವಳು ಶಾಲೆಗೆ ಬಂದಳು; ಶಾಲೆಯ ಕೋಣೆಯೇ ಆಗ ನನ್ನ ಮನೆಯೂ. ಬಿಡಿಸುವ ಕೆಲಸ ಬಿಟ್ಟು ಬಂದಿದ್ದಳು. ಸೊಂಟದಲ್ಲಿ ಕುಕ್ಕೆ ಇನ್ನೂ ಕಟ್ಟಿಯೇ ಇತ್ತು. ಮಕ್ಕಳನ್ನು ಹೊರಗೆ ಕಳಿಸಿ ಎಂದಳು. ಬಾಗಿಲ ಬಳಿ ಕೂತು, ತಗ್ಗಿದ ದನಿಯಲ್ಲಿ ಹೇಳಿದಳು.

"ದೊರೆ ಒಪ್ಪವ್ರೆ ತಾಯಿ. ಇವತ್ತು ಬೆಳಗ್ಗೆ ಬಂಗ್ಲೆ ಮುಂದೆ ಕಾಲಿಗೆ ಬಿದ್ದೆ. ಹಬ್ಬದ ಹೊತ್ತು, ವರ್ಷ ಮುಗಿಯೋದ್ರೊಳ್ಗೆ ಮಗ ಬಂದು ಮೇಸ್ತ್ರಿ ಮುಂದೆ ಕೈ ಮುಗುದ್ರೆ ಕೇಸು ಬುಡ್ತೀನಿ ಅಂದ್ರು. ವರ್ಷ ದಾಟಿದ್ರೆ ಕಾಗ್ದ ಕೋರ್ಟಿಗೆ ಹೋಯ್ತದಂತೆ. ಆಮ್ಯಾಕೆ ಅವರ ಕೈಲೂ ಇಲ್ಲ."

ಒಳ್ಳೆಯದಾಯಿತು, ಯಾರ ಕೈಲಾದರೂ ಹೇಳಿ ಕಳಿಸು ಎಂದೆ.

"ಕಳಿಸಿವ್ನಿ. ಅದೇ ತೊಂದ್ರೆ ಆಗಿರೋದು." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕೊಡವ್ರ ಪುತ್ತರಿ ಹಬ್ಬದ ಗುಂಡು ಕೇಳಿದ ಮಾರ್ನೆ ದಿನ ಗಾಡಿ ಹೊಡ್ಯೋ ಮೊಯ್ದು ವಯನಾಡ್ನ ಮಾನಂದವಾಡಿ ಕಡೀಕೆ ಹೊಂಟಿದ್ದ. ಇನ್ನು ಮೊಯ್ದು ಈ ಕಡೆ ಬರೋದು ಜನವರಿಗೇ. ಆಗಿನ್ನೂ ದೊರೆ ಏನೂ ಹೇಳಿರ್ನಿಲ್ಲ. ಅದ್ಕೇ ಮೊಯ್ದು ಕೈಲಿ ಮಗನ್ಗೆ ಹಿಂಗಂತ ಹೇಳಿಕಳ್ಸಿವ್ನಿ: ಹಬ್ಬದ ಹಿಂದಿನ ವಾರ ಒಂದು ಸಂಜೆ ಬಂದು ತೊರೆ ಪಕ್ದಲ್ಲಿ ಅಡಗಿ ನಿಂತ್ಕೊ. ಎಣ್ಣೆ ಇದೆ ದೀಪ ಇದೆ ಅಂತ ಕಣದಲ್ಲಿ ಕೂಗಿದ್ರೆ ದೊರೆ ಒಪ್ಪವ್ರೆ ಅಂತ, ಒಳೀಕೆ ಬಾ. ಬೇರೆ ಏನಾರ ಓದ್ತಿದ್ರೆ ಒಪ್ನಿಲ್ಲ ಅಂತ, ನಿಲ್ಬ್ಯಾಡ, ಇನ್ನೂ ದೂರ ಹೊಂಟೋಗು. ಪುಸ್ತಕ ಎತ್ತೋಳು ನಾನೇ ಅಲ್ವಾ ತಾಯಿ, ದೊರೆ ಒಪ್ದಿದ್ರೆ ಆ ವಾರ ಬೇರೇದು ಓದ್ಸಿದ್ರಾಯ್ತು ಅಂತಿದ್ದೆ... ನನ್ ಕೈಲಿರೋದು ಅದೊಂದೇ ಅಂತ ಹಂಗೆ ಹೇಳಿಬುಟ್ಟೆ. ಗೆದ್ಲು ಹಿಡೀತದೆ ಅಂತ ಯಾರಿಗೆ ಗೊತ್ತಿತ್ತು?"

ನನ್ನ ಟ್ರಂಕು ಅವಳ ಬೆನ್ನ ಹಿಂದೆ, ಗೋಡೆಗೆ ತಾಗಿ ಇತ್ತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

"ಕತ್ಲಾದ್ ಮ್ಯಾಕೆ ರಸ್ತೇಲಿ ಹೋಗಿ ನಿಲ್ತಾವ್ನಿ. ಕೂಗ್ತೀನಿ. ಆದ್ರೆ ಬೇರೆ ಓದು ಕೇಳಿದ್ರೆ ನಿಲ್ಬ್ಯಾಡ ಅಂತ ನಾನೇ ಹೇಳಿವ್ನಲ್ಲ, ಅವನು ಯಾಕ್ ನಿಲ್ತಾನೆ? ಪುಸ್ತಕ ಇಲ್ದಿದ್ರೆ ಬ್ಯಾಡ. ಆ ಮಾತೊಂದ ಎಲ್ರ ಕೈಲೂ ಕೂಗ್ಸಿ ತಾಯಿ. ಇವತ್ತಿಂದ. ನಿಮ್ ಕಾಲಿಗೆ ಬೀಳ್ತೀನಿ."

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಏನೇನು ಓಡಿತೆಂಬುದನ್ನು ಇಷ್ಟು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ದೊಡ್ಡದೇನೂ ಇಲ್ಲ. ದೊರೆಸಾನಿಗೆ ಕುರ್ಚಿ ಹಾಕಿಸಿ ಆಗಿದೆ. ಯಾವ ಪುಟದಿಂದ ಯಾವ ಪುಟದವರೆಗೆ ಓದುವುದೆಂದು ಗುರುತು ಮಾಡಿ ಆಗಿದೆ. ನಡುವೆ ಜನ ಆ ಮಾತು ಕೂಗಿದರೆ, ಅದು ಯಾವ ಪುಸ್ತಕದ್ದು, ಆ ಪುಸ್ತಕ ಎಲ್ಲಿ ಎಂದು ದೊರೆಸಾನಿ ಕೇಳಿಯೇ ಕೇಳುತ್ತಾರೆ. ಅವರ ಮುಂದೆಯೂ ಗೆದ್ದಲಿನ ಸುಳ್ಳು ಹೇಳಬೇಕು. ಇಷ್ಟೇ. ಇಷ್ಟಕ್ಕೇ.

"ಇವತ್ತು ಆಗೋದಿಲ್ಲ ಸಾರಮ್ಮ. ಎಲ್ಲಾ ಗೊತ್ತುಮಾಡಿ ಆಗಿದೆ" ಎಂದೆ. "ನಾಳೆಯಿಂದ ಕೂಗಿಸ್ತೀನಿ. ನೀನೂ ಇವತ್ತು ಸುಮ್ಮನೆ ಕೂತಿರು, ದೊರೆಸಾನಿ ಮುಂದೆ ಗಲಾಟೆ ಬೇಡ."

ಅವಳು ನನ್ನ ಮುಖ ನೋಡಿದಳು. "ನಾಳೆ ಖಂಡಿತ ಅಲ್ವಾ?" ಎಂದಳು.

"ಖಂಡಿತ."

"ದೇವ್ರು ನಿಮ್ಗೆ ಒಳ್ಳೇದ್ ಮಾಡ್ಲಿ."

ಆ ಸಂಜೆ ನಾನು ಚೆನ್ನಾಗಿ ಓದಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ — ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಓದಲಿಲ್ಲ. ದೊರೆಸಾನಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಜನರ ಬೆನ್ನು ಬೇಲಿಯ ಕಡೆಗೆ, ನನ್ನ ಮುಖ ಬೇಲಿಯ ಕಡೆಗೆ. ಸಾರಮ್ಮ ಮುಂದಿನ ಸಾಲಿನಲ್ಲಿ, ನನ್ನ ಮಾತಿಗೆ ಕಟ್ಟುಬಿದ್ದು, ತುಟಿ ಬಿಗಿದು ಕೂತಿದ್ದಳು.

ಲೈನಿನಲ್ಲಿ ಕರಿಯ ಎಂಬ ನಾಯಿ ಇತ್ತು. ಮರಿಯಾಗಿದ್ದಾಗಿನಿಂದ ದಾನಿಯೇ ಸಾಕಿದ್ದ. ಅವನು ಹೋದ ಮೇಲೆ ಅದು ಕಣದ ಮೂಲೆಯಲ್ಲಿ ಬಿದ್ದಿರುತ್ತಿತ್ತು. ನಾನು ಪುಟ ತಿರುಗಿಸುವಾಗ ಅದು ತಲೆ ಎತ್ತಿತು. ಎದ್ದಿತು. ಬೇಲಿಯ ಹತ್ತಿರ ಹೋಗಿ ತಂತಿಗೆ ಮೂಗು ಒತ್ತಿ ನಿಂತಿತು. ಬೊಗಳಲಿಲ್ಲ. ಬಾಲ ಅಲ್ಲಾಡಿಸತೊಡಗಿತು — ಮೊದಲು ಮೆಲ್ಲಗೆ, ಆಮೇಲೆ ಇಡೀ ಮೈಯೇ ಅಲ್ಲಾಡುವ ಹಾಗೆ. ಗಂಟಲಲ್ಲಿ ಸಣ್ಣಗೆ ಕುಂಯಿಗುಟ್ಟಿತು. ತಂತಿ ಒಮ್ಮೆ ಮಿಡಿದ ಸದ್ದು.

ಅದನ್ನು ಕಂಡವಳು ನಾನೊಬ್ಬಳೇ. ಅರ್ಥವಾಗಲಿಲ್ಲವೆಂದು ಹೇಳಲಾರೆ. ಅರ್ಥವಾಯಿತು. ದನಿ ಎತ್ತಿ "ಅಜ್ಜೀ, ಎಣ್ಣೆ ತೀರಿತೆ?" ಎಂದಿದ್ದರೆ ಸಾಕಿತ್ತು. ಕಣದಲ್ಲಿ ಅರ್ಧ ನಿದ್ದೆಯಲ್ಲಿದ್ದವರೂ ಉತ್ತರ ಕೂಗಿಬಿಡುತ್ತಿದ್ದರು. ಮೂರೇ ಮಾತು. ಬಾಯಿಯವರೆಗೂ ಬಂದವು.

ನಾನು ಪುಟ ತಿರುಗಿಸಿ ಹಿಮದ ಕಥೆಯನ್ನು ಮುಂದುವರಿಸಿದೆ.

ಮುಗಿದ ಮೇಲೆ ದೊರೆಸಾನಿ ಎದ್ದು ಬಂದು ತಮ್ಮ ಅರೆಬರೆ ಕನ್ನಡದಲ್ಲಿ ಹೇಳಿದರು: "ಚೆನ್ನಾಗಿ ಓದ್ತೀ, ಟೀಚರ್. ಯಾರೂ ಗಲಾಟೆ ಇಲ್ಲ. ಬಹಳ ಒಳ್ಳೇದು." ನಾನು ತಲೆ ಬಾಗಿಸಿದೆ. ಜನ ಚದುರಿದರು. ಸ್ವಲ್ಪ ಹೊತ್ತಿನ ಮೇಲೆ ರಸ್ತೆಯ ಕಡೆಯಿಂದ ಸಾರಮ್ಮನ ದನಿ ಕೇಳಿಸಿತು — "ದಾನೀ... ಲೋ ದಾನೀ..." ಯಾರೂ ಓಗೊಡಲಿಲ್ಲ. ಮೇಸ್ತ್ರಿಯ ಕಡೆಯವರು ಹೊಂಚು ಹಾಕಿ ತಾಯಿಯನ್ನು ಮುಂದೆ ಬಿಟ್ಟಿದ್ದಾರೆಂದು ಅವನು ಅಂದುಕೊಂಡನೋ ಏನೋ. ನಾಯಿ ಮಾತ್ರ ಬೇಲಿ ಬಿಟ್ಟು ಕದಲಲಿಲ್ಲ.

ದಿನವೂ ನಸುಕಿನಲ್ಲಿ ಎದ್ದು ಕಣದವರೆಗೆ ನಡೆದುಬರುವುದು ನನ್ನ ಪದ್ಧತಿ. ಮರುದಿನವೂ ಹೋದೆ. ಬೇಲಿಯ ತಂತಿಗೆ, ಕರಿಯ ಮಲಗಿದ್ದಲ್ಲೇ, ಬಾಳೆನಾರಿನಿಂದ ಕಟ್ಟಿದ ಒಂದು ಸಣ್ಣ ಔಷಧದ ಸೀಸೆ ತೂಗುತ್ತಿತ್ತು. ಬಾಳೆಲೆ ಸುರುಳಿಯ ಬಿರಡೆ. ಒಳಗೆ ತೆಂಗಿನೆಣ್ಣೆ.

ಒಳಗೆ ಬಾ ಎಂಬ ಕೂಗು ಕೇಳಲಿಲ್ಲ. ಆದರೂ ತಾನು ಬಂದಿದ್ದೆನೆಂದು ತಾಯಿಗೆ ತಿಳಿಯಲಿ ಎಂದು ಇಟ್ಟು ಹೋಗಿದ್ದ. ಬೇರೆ ಯಾರಿಗೂ ಅದರ ಅರ್ಥ ಆಗದು. ಅವಳಿಗೆ ಮಾತ್ರ ಆಗುತ್ತದೆ.

ಡಿಸೆಂಬರಿನ ಚಳಿಯಲ್ಲಿ ಇಲ್ಲಿ ತೆಂಗಿನೆಣ್ಣೆ ರಾತ್ರಿ ಹೊರಗಿಟ್ಟರೆ ಬೆಳಗಾಗುವುದರೊಳಗೆ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಒಲೆಯ ಬಳಿ ಇಟ್ಟು ಕರಗಿಸದೆ ತಲೆಗೆ ಹಚ್ಚಲಾಗದು. ನಿಮ್ಮ ಮನೆಗಳಲ್ಲಿ ದಿನವೂ ಕಾಣುತ್ತೀರಿ. ನಾನು ಸೀಸೆಯನ್ನು ಕೈಗೆತ್ತಿಕೊಂಡೆ. ಅಂಚಿನಲ್ಲಿ ಮಾತ್ರ ತೆಳ್ಳಗೆ ಹೆಪ್ಪುಗಟ್ಟಿತ್ತು. ಓರೆ ಮಾಡಿದರೆ ನಡುವಿನ ಎಣ್ಣೆ ಇನ್ನೂ ನೀರಾಗಿ ಅಲ್ಲಾಡುತ್ತಿತ್ತು. ಅದು ಸಂಜೆ ಕಟ್ಟಿದ್ದಲ್ಲ. ರಾತ್ರಿಯಿಡೀ ಯಾರದೋ ಮೈಗೆ ಅಂಟಿಕೊಂಡು ಬೆಚ್ಚಗಿದ್ದು, ಈಗಷ್ಟೇ ಬೇಲಿಗೆ ಬಂದದ್ದು. ಅವನು ಹೋಗದೆ ಬೆಳಗಿನವರೆಗೂ ಅಲ್ಲೇ ಎಲ್ಲೋ ಕಾದಿದ್ದ. ತಾಯಿ ಕೂಗಿದ್ದನ್ನೂ ಕೇಳಿರಬೇಕು. ಈಗ ಕುಟ್ಟದ ದಾರಿಯಲ್ಲಿ, ಹತ್ತಿರದಲ್ಲೇ, ಇದ್ದಾನೆ.

ಅದೇ ಹೊತ್ತಿಗೆ ಲೈನಿನ ಗಂಟೆ ಹೊಡೆಯಿತು. ಗಂಡಸರೆಲ್ಲ ಹಾಜರಿಗೆ ಬಂದು ನಿಂತಿದ್ದರು. ಒಂದು ಮಾತು ಹೇಳಿದ್ದರೆ ಹುಡುಗರು ಓಡಿ, ಅವನು ಗಡಿ ದಾಟುವ ಮುಂಚೆ ಹಿಡಿದು ಕರೆತರುತ್ತಿದ್ದರು. ಆದರೆ ಯಾಕೆ ಬಂದ, ಯಾಕೆ ಹೋದ, ನಿನ್ನೆ ಯಾಕೆ ಕೂಗಿಸಲಿಲ್ಲ, ಆ ಪುಸ್ತಕ ಏನಾಯಿತು... ಒಂದೊಂದೇ ಕೇಳುತ್ತಾ ಬಂದು ನನ್ನ ಟ್ರಂಕಿನ ಮುಂದೆ ನಿಲ್ಲುತ್ತಿದ್ದರು.

ನಾನು ಬಾಳೆನಾರನ್ನು ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಉಗುರಿನಿಂದ ಕಿತ್ತೆ. ಸೀಸೆಯನ್ನು ಸೆರಗಿನೊಳಗೆ ಸೇರಿಸಿಕೊಂಡು ಮನೆಗೆ ಬಂದೆ. ಮುಖ ತೊಳೆದೆ. ಹೊತ್ತಿಗೆ ಸರಿಯಾಗಿ ಶಾಲೆಯ ಗಂಟೆ ಹೊಡೆದೆ.

ಆ ಸಂಜೆ ಕೊಟ್ಟ ಮಾತಿನಂತೆ ಕೂಗಿಸಿದೆ. ಹಿಮದ ಪುಸ್ತಕವನ್ನು ಬದಿಗಿಟ್ಟು, ನೆನಪಿನಿಂದ ಹೇಳುತ್ತೇನೆಂದು ಮುದುಕಿಯ ಕಥೆ ತೆಗೆದೆ. ಜನಕ್ಕೆ ಆದ ಸಂತೋಷ! ಕಟ್ಟಿಹಾಕಿದ್ದ ಕರುಗಳನ್ನು ಬಿಟ್ಟ ಹಾಗೆ. "ಎಣ್ಣೆ ಇದೆ, ದೀಪ ಇದೆ!" — ಬೆಟ್ಟಕ್ಕೆ ಬಡಿದು ತಿರುಗಿ ಬಂತು. ಸಾರಮ್ಮ ಎಲ್ಲರಿಗಿಂತ ಜೋರಾಗಿ ಕೂಗುತ್ತಾ, ಅಳುತ್ತಾ, ನಗುತ್ತಾ ಬೇಲಿಯ ಕಡೆಗೇ ನೋಡುತ್ತಿದ್ದಳು. ಮುಗಿದ ಮೇಲೆ ಬಂದು ನನ್ನ ಪಾದ ಮುಟ್ಟಿದಳು. ನಾನು ಹಿಂದಕ್ಕೆ ಸರಿಯಲಿಲ್ಲ. ನಿಂತು ಮುಟ್ಟಿಸಿಕೊಂಡೆ.

ಹಬ್ಬದವರೆಗೆ ದಿನವೂ ಕೂಗಿದೆವು. ಹಬ್ಬವಾಯಿತು. ವರ್ಷ ಮುಗಿಯುವವರೆಗೂ ಅವಳು ರಸ್ತೆಯಲ್ಲಿ ನಿಂತಳು. ಕಾಗದ ಕೋರ್ಟಿಗೆ ಹೋಯಿತು.

ಜನವರಿಯಲ್ಲಿ ಗಾಡಿ ಮೊಯ್ದು ಬಂದ. ನಾನೂ ಅಲ್ಲಿದ್ದೆ. ಸಾರಮ್ಮ ಕೇಳುವ ಮುಂಚೆ ಅವನೇ ಕೇಳಿದ: "ಎಲ್ಲಿ ಸಾರಮ್ಮಕ್ಕ, ಮಗ ಕೆಲಸಕ್ಕೆ ಹೋದನಾ?"

"ಬರ್ನಿಲ್ಲ ಮೊಯ್ದು. ನೀನು ಹೇಳಿದ್ಯಾ?"

"ಅಲ್ಲಾಹನಾಣೆ ಹೇಳಿದ್ದೇನೆ! ಅಕ್ಷರ ಬಿಡದೆ ಹೇಳಿದ್ದೇನೆ. ಬರ್ತೇನೆ ಅಂದ. ನಕ್ಕ ಸಹ. ಅಮ್ಮನಿಗೆ ಏನಾದರೂ ತಗೊಂಡು ಹೋಗಬೇಕು ಅಂತ ಅಂಗಡಿ ಎಲ್ಲಿ ಅಂತ ಕೇಳಿದ." ಮೊಯ್ದು ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬರಲೇ ಇಲ್ಲವಾ?"

ಸಾರಮ್ಮ ಆಮೇಲೆ ನನ್ನ ಕಡೆ ತಿರುಗಿ, ನನಗೇ ಸಮಾಧಾನ ಹೇಳುವವಳಂತೆ, "ನೀವು ಕೂಗಿಸಿದ್ರಿ ತಾಯಿ. ಅವನೇ ಬರ್ನಿಲ್ಲ. ಅಲ್ಲಿ ಯಾವಳೋ ಸಿಕ್ಕಿರ್ಬೇಕು. ತಾಯಿ ಬ್ಯಾಡ್ವಾದ್ಲು" ಎಂದಳು.

ಅಂದಿನಿಂದ ಅವಳು ಮಗನ ಹೆಸರು ಎತ್ತಲಿಲ್ಲ. ಬೇರೆಯವರು ಎತ್ತಿದರೆ ಎದ್ದು ಹೋಗುತ್ತಿದ್ದಳು. ಪ್ರತಿ ಕ್ರಿಸ್ಮಸ್ಸಿಗೆ ಒಲೆಯಿಂದ ಇಳಿಸಿದ ಮೊದಲ ಕಡುಬು ನನ್ನ ಮನೆಗೆ ತರುತ್ತಿದ್ದಳು. ನಾನು ತಿನ್ನುತ್ತಿದ್ದೆ. ಕೊನೆಯ ಕಾಯಿಲೆಯಲ್ಲಿ ನಾನೇ ಪಕ್ಕದಲ್ಲಿ ಕೂತು ನೋಡಿಕೊಂಡೆ. ಟೀಚರಮ್ಮ ಹೆತ್ತ ಮಗಳಿಗಿಂತ ಹೆಚ್ಚು ಎಂದು ಲೈನಿನವರು ಹೊಗಳಿದರು. ಒಂದು ಮಧ್ಯಾಹ್ನ ಅವಳು ಕಣ್ಣು ಬಿಟ್ಟು ಹೇಳಿದಳು: "ನಿಮ್ಗಿರೋ ಕರುಳು ನನ್ ಮಗನ್ಗೆ ಇಲ್ದೋಯ್ತಲ್ಲ ತಾಯಿ."

ಆಗ ಹೇಳಬಹುದಿತ್ತು. ಅವನು ಬಂದಿದ್ದ ಸಾರಮ್ಮ, ರಾತ್ರಿಯಿಡೀ ಚಳಿಯಲ್ಲಿ ನಿಂತಿದ್ದ, ನಿನಗೆಂದು ಎಣ್ಣೆ ತಂದಿದ್ದ ಎಂದು. ಅವಳು ಹೋಗುವ ಮುಂಚೆ ಮಗನನ್ನು ಅವಳಿಗೆ ಹಿಂದಿರುಗಿಸಬಹುದಿತ್ತು. ನಾನು ಅವಳ ಕಂಬಳಿಯ ಅಂಚನ್ನು ನೆಟ್ಟಗೆ ಮಾಡಿದೆ.

ಪುಸ್ತಕವೂ ಸೀಸೆಯೂ ಆ ಟ್ರಂಕಿನಲ್ಲೇ ಇವೆ. ಅಷ್ಟು ವರ್ಷದಿಂದ ಆ ಎಣ್ಣೆ ಪ್ರತಿ ಚಳಿಗಾಲಕ್ಕೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಕಾಫಿ ಹೂವು ಬಿಡುವ ಹೊತ್ತಿಗೆ ಮತ್ತೆ ಕರಗುತ್ತದೆ. ಕಮಟು ಹಿಡಿದು ಬಹಳ ಕಾಲವಾಯಿತು. ಆದರೂ ಗಟ್ಟಿಯಾಗುವುದನ್ನೂ ಕರಗುವುದನ್ನೂ ಅದು ಬಿಟ್ಟಿಲ್ಲ. ಡಿಸೆಂಬರ್ ಬಂದರೆ ನಸುಕಿನಲ್ಲಿ ಟ್ರಂಕು ತೆರೆದು ಸೀಸೆಯನ್ನು ಓರೆ ಮಾಡಿ ನೋಡುತ್ತೇನೆ — ನಡುವೆ ಇನ್ನೂ ನೀರಾಗಿದೆಯೋ ಎಂದು. ಯಾಕೆ ನೋಡುತ್ತೇನೋ. ಇನ್ನೂ ಹೊತ್ತಿದೆ, ಓಡಿದರೆ ಸಿಗುತ್ತಾನೆ ಎಂದೋ...

ಕಣದ ಕಡೆ ಯಾವ ನಾಯಿ ಬಾಲ ಅಲ್ಲಾಡಿಸಿದರೂ ನನ್ನ ಓದು ನಿಂತುಬಿಡುತ್ತದೆ. ಅದಕ್ಕೇ ಹಬ್ಬದ ಓದನ್ನು ನಿಮಗೆ ಒಪ್ಪಿಸಿದ್ದು. ವಯಸ್ಸಾಯಿತು, ಕಣ್ಣು ಮಂಜು ಎಂದು ನಿಮಗೆ ಹೇಳಿದ್ದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ.

ದಾನಿಯೇಲ ಬದುಕಿದ್ದರೆ ಈಗ ಅವನೂ ಮುದುಕ. ನಿಮ್ಮಲ್ಲಿ ಯಾರಾದರೂ ವಯನಾಡಿನ ಕಡೆ ಹೋದಾಗ, ಕುಟ್ಟದ ಹತ್ತಿರದ ತೋಟವೊಂದನ್ನು ಪ್ರಾಯದಲ್ಲಿ ಬಿಟ್ಟುಹೋದ ಆ ಹೆಸರಿನವನು ಕಂಡರೆ ಅವನಿಗೆ ಹೇಳಿ. ದೊರೆ ಒಪ್ಪಿದ್ದರು. ನಿನ್ನ ತಾಯಿ ವರ್ಷ ಮುಗಿಯುವವರೆಗೂ ರಸ್ತೆಯಲ್ಲಿ ನಿಂತಿದ್ದಳು. ನಿನ್ನನ್ನು ಒಳಗೆ ಕರೆಯದೆ ಇದ್ದದ್ದು ಅವಳಲ್ಲ. ನನ್ನ ಹೆಸರನ್ನೂ ಹೇಳಿ.

ಎಸ್ತರ್, ಪುಸ್ತಕ ಆರಿಸಿದ್ದೇನೆ. ಬರುವ ಭಾನುವಾರ ಚಾಪೆಯ ಮೇಲೆ ಆ ನೀಲಿ ಬಟ್ಟೆಯದನ್ನೂ ಇಡುತ್ತೇನೆ, ಪಕ್ಕದಲ್ಲಿ ಸೀಸೆಯನ್ನೂ. ಈ ಕಾಗದವನ್ನು ಮೊದಲು ಎಲ್ಲರೆದುರು ಓದಿ. ಕೇಳಿದ ಮೇಲೆ ನನ್ನ ಕೈಗೆ ಪುಸ್ತಕ ಕೊಡಲು ನೀವು ಒಪ್ಪಿದರೆ ಕಣದಲ್ಲಿ, ಬೇಲಿಯ ಕಡೆ ಮುಖ ಮಾಡಿ ನಿಂತು ನಾನೇ ಓದುತ್ತೇನೆ. ಒಪ್ಪದಿದ್ದರೆ ನಿಮ್ಮ ಹಿಂದೆ ಕೂತು ಕೇಳುತ್ತೇನೆ.

ಒಂದೇ ಕೋರಿಕೆ. ಕಥೆಯಲ್ಲಿ ಆ ಪ್ರಶ್ನೆ ಮೊದಲ ಸಲ ಬಂದಾಗ — "ಅಜ್ಜೀ, ಎಣ್ಣೆ ತೀರಿತೆ?" — ನೀವು ಯಾರೂ ಕೂಗಬೇಡಿ. ಆ ಒಂದು ಸಲ ನಾನೊಬ್ಬಳೇ ಉತ್ತರ ಹೇಳಬೇಕು.

ತೀರಿರಲಿಲ್ಲ. ಎಣ್ಣೆ ಇತ್ತು. ನನ್ನ ಹತ್ತಿರ ಇತ್ತು.